ಮಾವನವರ ಜೀಪಿನ ಡಿಸ್ಟ್ರಿಬ್ಯೂಟರ್

ಕುಕ್ಕರಿನ ಮುಚ್ಚಳ ಹಾಕಿ, ಸೀಟಿ ಇಡುವ ಮೊದಲು, ಆ ತೂತಿನ ಮೇಲೆ ಹೆಬ್ಬೆರಳು ಹಿಡಿದು ನೋಡುವ ಚಟವೊಂದು ನನಗಿದೆ. ಹಬೆ ಬಂದದ್ದು ಕಣ್ಣಿಗೆ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತದೆ. ಆದರೂ ಬೆರಳು ಸುಮ್ಮನಿರುವುದಿಲ್ಲ. ಎಷ್ಟೋ ಸಲ ಚುರ್ ಎಂದು ಸುಟ್ಟುಕೊಂಡು, ನಲ್ಲಿಯ ಕೆಳಗೆ ಕೈ ಹಿಡಿದು ನಿಂತು, ಮಗಳಿಂದ ಬೈಸಿಕೊಂಡಿದ್ದೇನೆ. ಸೈಕಲ್ ಪಂಪು ಸಿಕ್ಕರೂ ಅಷ್ಟೇ. ಒಮ್ಮೆ ನೆಂಟರ ಮನೆಯ ಹುಟ್ಟುಹಬ್ಬದಲ್ಲಿ ಬಲೂನಿಗೆ ಗಾಳಿ ತುಂಬುವ ಪಂಪು ನನ್ನ ಕೈಗೆ ಬಂತು. ಅದರ ಮೂತಿಗೆ ಬೆರಳಿಟ್ಟು ಒತ್ತುತ್ತಾ ಬಿಡುತ್ತಾ ಕುಳಿತುಬಿಟ್ಟೆ. ಕೇಕಿನ ಸುತ್ತ ಮಕ್ಕಳೆಲ್ಲ ಬಲೂನಿಗಾಗಿ ಕಾದು ಕಾದು, ಕೊನೆಗೆ ಒಬ್ಬ ಹುಡುಗಿ ಅಳುವುದಕ್ಕೇ ಶುರುಮಾಡಿದಳು.

ಒಳಗಿನಿಂದ ಒತ್ತಿಕೊಂಡು ಬಂದ ಗಾಳಿ ಹೆಬ್ಬೆರಳನ್ನು ಮೆಲ್ಲಗೆ ದಬ್ಬುತ್ತದಲ್ಲ, ಅದರ ಸುಖ ಗೊತ್ತಿಲ್ಲದವರಿಗೆ ಏನೆಂದು ಹೇಳಲಿ? ಈ ಚಟ ನನಗೆ ಹತ್ತಿದ್ದು ಹಡಗಲಿಯಲ್ಲಿ, ಮಾವನವರ ಜೀಪಿನ ಮುಂದೆ, ಒಂದು ಭಾನುವಾರ.

ನಾನು ಕೊಟ್ಟೂರಿನವಳು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಹಡಗಲಿಗೆ ಬಂದೆ. ಬಂದದ್ದೂ ಅದೇ ಜೀಪಿನಲ್ಲಿ. ಮಾವನವರು ಮಲ್ಲಿಗೆ ಮೊಗ್ಗಿನ ವ್ಯಾಪಾರ ಮಾಡುತ್ತಿದ್ದರು. ಹಡಗಲಿಯ ಸುತ್ತಲಿನ ತೋಟಗಳಿಂದ ಮೊಗ್ಗು ಕೊಂಡು, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳನ್ನು ಹೇರಿಕೊಂಡು ಹೊಸಪೇಟೆಗೆ ಹೋಗುತ್ತಿದ್ದರು. ಹಳೆಯ ಪೆಟ್ರೋಲ್ ಜೀಪು. ಮುಂದೆ ಹ್ಯಾಂಡಲ್ ತೂರಿಸಿ ತಿರುವಿದರೆ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಪೆಟ್ರೋಲು ಮತ್ತು ಮಲ್ಲಿಗೆ ಬೆರೆತರೆ ಯಾವ ವಾಸನೆ ಬರುತ್ತದೆ ಎಂಬುದು ನನ್ನ ಧಾರೆ ಸೀರೆಗೆ ಗೊತ್ತು. ಎಷ್ಟು ಒಗೆದರೂ ಅದು ಹೋಗಲಿಲ್ಲ. ಈಗ ಹೋಗುವುದು ನನಗೂ ಬೇಡ.

ಮದುವೆಯ ಮರುದಿನ ಹಗರಿಬೊಮ್ಮನಹಳ್ಳಿ ದಾಟುತ್ತಿದ್ದಂತೆ ಜೀಪು ಕೆಮ್ಮಿ ನಿಂತಿತು. ಹಿಂದಿನ ಸೀಟಿನಲ್ಲಿ ತವರಿನ ಕೊಡ, ಪಾತ್ರೆಗಳ ನಡುವೆ ನನ್ನ ಗಂಡ ಮತ್ತು ಅತ್ತೆ. ಮದುಮಗಳಿಗೆ ಧೂಳು ತಾಗಬಾರದೆಂದು ನನ್ನನ್ನು ಮುಂದೆ ಕೂರಿಸಿದ್ದರು. ಮಾವನವರು ಇಳಿದು ಬಾನೆಟ್ ಎತ್ತಿದರು. ನಾನು ಅಳುಮುಖ ಮಾಡಿಕೊಂಡದ್ದು ಕಂಡಿರಬೇಕು.

"ಹೆದರಬ್ಯಾಡವ್ವ. ಹೊಸಬ್ರು ಕುಂತ್ರ ಇದು ಸ್ವಲ್ಪ ನಾಚಿಕೊಂತೈತಿ," ಎಂದರು. "ಇಳಿದು ಬಾ ಇಲ್ಲಿ. ಇದನ್ನ ನೋಡು."

ಇಳಿದು ನೋಡಿದೆ. ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಟೋಪಿ ಹಾಕಿಕೊಂಡ ಒಂದು ಡಬ್ಬಿ. ಟೋಪಿಯಿಂದ ಜಡೆಗಳ ಹಾಗೆ ಐದು ವೈರುಗಳು.

"ಇದು ಡಿಸ್ಟ್ರಿಬ್ಯೂಟರ್. ಎಂಜಿನ್ನಾಗ ನಾಕು ಮಂದಿ ಊಟಕ್ಕ ಕುಂತಾರಂತ ತಿಳಕೊ. ಇವ ಬಡಸಾವ. ಏನು ಬಡಸ್ತಾನ? ನಡುವಿನ ವೈರಿನಾಗ ಬಂದ ಬೆಂಕಿ ಕಿಡಿ. ಮೊದ್ಲು ಒಂದನೇ ಅವಗ, ಆಮ್ಯಾಲ ಮೂರನೇ ಅವಗ, ನಾಕನೇ ಅವಗ, ಕಡೀಗೆ ಎರಡನೇ ಅವಗ. ಹೊತ್ತಿಗೆ ಸರಿಯಾಗಿ ಬಾಯಿಗೆ ಬಿತ್ತು, ಗಾಡಿ ಓಡ್ತು. ಸ್ವಲ್ಪ ಹಿಂದ ಮುಂದ ಆತು, ಮುಗೀತು."

"ಎರಡನೇ ಅವ ಸಿಟ್ಟಾಗಂಗಿಲ್ಲೇನ್ರಿ?" ನನ್ನ ಬಾಯಿಂದ ಬಂದುಬಿಟ್ಟಿತು. ಹೊಸ ಸೊಸೆ ಅತ್ತೆಮನೆಯವರ ಎದುರು ಆಡಿದ ಮೊದಲ ಮಾತು ಇದು. ನಾಲಿಗೆ ಕಚ್ಚಿಕೊಂಡೆ. ಮಾವನವರು ರಸ್ತೆಯ ನಡುವೆ ನಿಂತು ನಕ್ಕ ನಗೆಗೆ ಹೊಲದಲ್ಲಿದ್ದವರು ತಲೆಯೆತ್ತಿ ನೋಡಿದರು. ಜೀಪಿನ ಹಿಂಭಾಗಕ್ಕೆ ತಿರುಗಿ, "ಕೇಳಿದೇನು? ಮಾತಾಡೋ ಸೊಸಿ ಬಂದಾಳ ನಮ್ಮನಿಗೆ!" ಎಂದು ಕೂಗಿದರು. ಪಾತ್ರೆಗಳ ಸಂದಿನಿಂದ ಅತ್ತೆಯ ದನಿ ಬಂತು: "ಮನ್ಯಾಗ ಒಬ್ರು ಮಾತಾಡೋರು ಸಾಲ್ದಾಗಿತ್ತು."

ಅಷ್ಟು ಮಾತಿನ ಮನುಷ್ಯ. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದರು. ಅವರನ್ನು ಊರು ಮುಟ್ಟಿಸುವುದಕ್ಕಿಂತ, ದಾರಿಯುದ್ದಕ್ಕೂ ಮಾತಾಡಲು ಜನ ಸಿಕ್ಕರಲ್ಲ ಎಂಬುದೇ ದೊಡ್ಡದು. ಜನ ಸಿಗದಿದ್ದರೆ ಎಂಜಿನ್ನಿನ ಜೊತೆಗೇ ಮಾತು.

ಕೆಲವು ವರ್ಷ ಕಳೆದ ಮೇಲೆ ಒಂದು ಮುಂಜಾನೆ ಹೂವಿನ ಬುಟ್ಟಿ ಎತ್ತಲು ಬಗ್ಗಿದವರು ಅಲ್ಲೇ ಕುಸಿದರು. ಲಕ್ವ. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಿದ್ದುಹೋಗಿತ್ತು, ಬಲಗಾಲು ಎಳೆಯುತ್ತಿತ್ತು, ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. ತಡಿ.

ನೀರು ಬೇಕಾದರೂ ತಡಿ, ಬೇಡವಾದರೂ ತಡಿ. ನೋಡಲು ಬಂದ ತಮ್ಮ ಹಿರಿಯಕ್ಕನಿಗೂ ತಡಿ, ಡಾಕ್ಟರಿಗೂ ತಡಿ. ಇಂಜೆಕ್ಷನ್ ಮಾಡಲು ಬಂದ ಕಾಂಪೌಂಡರ್ ಅದನ್ನು ನಿಜವೆಂದೇ ನಂಬಿ ಸೂಜಿ ಎತ್ತಿ ಹಿಡಿದು ಬಹಳ ಹೊತ್ತು ಕಾದು ನಿಂತಿದ್ದ. ಹೇಳಬೇಕಾದದ್ದೆಲ್ಲ ಅವರೊಳಗೆ ಸ್ಪಷ್ಟವಾಗಿಯೇ ಇತ್ತು. ಬಾಯಿಯ ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲವೂ ತಡಿ ಆಗಿಬಿಡುತ್ತಿತ್ತು. ಮೊದಮೊದಲು ನಾವೇ ನಗಾಡಿದೆವು, ಅವರೂ ಸೊಟ್ಟ ಬಾಯಲ್ಲಿ ನಕ್ಕರು. ಆಮೇಲೆ ಅವರು ನಗುವುದನ್ನು ಬಿಟ್ಟರು. ಆಡಿದ ಮಾತು ತಪ್ಪಾಗಿ ಬಂತೆಂದು ಅವರಿಗೇ ಕೇಳಿಸುತ್ತಿತ್ತಲ್ಲ, ಹಾಗಾಗಿ ಆ ಒಂದು ಮಾತನ್ನೂ ಆಡದಾದರು.

ಒಳಕೋಣೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ನಡೆಸಬೇಕು, ಹೊರಗೆ ತರಬೇಕು, ಮಾತಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಗೋಡೆ ಹಿಡಿದರೆ ನಡೆಯುವ ಶಕ್ತಿ ಕಾಲಿಗಿತ್ತು. ಮನಸ್ಸಿಗಿರಲಿಲ್ಲ. ಜನ ಬಂದರೆಂದರೆ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಸೋಲಲಿಲ್ಲ. ಮುಂಜಾನೆ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಮಂಚದ ಕಾಲಿಗೆ ಒರಗಿ ಕುಳಿತು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಅಷ್ಟು ವರ್ಷ ಆ ಮನೆಯಲ್ಲಿ ಕೇಳಿಸಿಕೊಳ್ಳುವುದಷ್ಟೇ ಅವರ ಪಾಲಿಗೆ ಬಂದಿತ್ತು. ಈಗ ಮಾತು ಹುಡುಕಿ ಹುಡುಕಿ ತಂದು ಆಡುತ್ತಿದ್ದರು. ಒಂದು ದಿನ ಹೇಳಲು ಏನೂ ಸಿಗದೆ, ಪಕ್ಕದ ಮನೆಯ ಎಮ್ಮೆ ಯಾವ ಕಡೆ ಮುಖ ಮಾಡಿ ಮಲಗಿದೆ ಎಂದು ವಿವರವಾಗಿ ಹೇಳುತ್ತಿದ್ದುದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ನಗು ಬರಬೇಕಿತ್ತು. ಬರಲಿಲ್ಲ.

ಜೀಪು ಅಂಗಳದ ತಗಡಿನ ಕೆಳಗೆ ನಿಂತೇ ಇತ್ತು. ಒಂದು ಮಳೆಗಾಲ ಪೂರ್ತಿ ಅದನ್ನು ಯಾರೂ ಮುಟ್ಟಲಿಲ್ಲ. ನನ್ನ ಗಂಡ ಕೊಟ್ರೇಶಿ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಜೀಪಿಗೂ ಅವರಿಗೂ ಅಷ್ಟಕ್ಕಷ್ಟೆ. ಸುಮ್ಮನೆ ನಿಂತು ತುಕ್ಕು ಹಿಡಿಯುವುದಕ್ಕಿಂತ ಮಾರಿಬಿಡುವುದು ಮೇಲು ಎಂದು ಹರಪನಹಳ್ಳಿಯ ಒಬ್ಬನ ಹತ್ತಿರ ಮಾತಾಡಿಬಂದರು. ಆತ ಭಾನುವಾರ ಮಧ್ಯಾಹ್ನ ನೋಡಲು ಬರುವುದಾಗಿ ಹೇಳಿದ್ದ. ಅತ್ತೆಗೆ ಈ ವಿಷಯ ಗೊತ್ತಿತ್ತು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮಾವನವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಬಂದವರ ಎದುರು ಗಾಡಿ ಶುರುವಾಗದಿದ್ದರೆ ಹೇಗೆ ಎಂದು ಆ ಭಾನುವಾರ ಮುಂಜಾನೆ ನಮ್ಮ ಮನೆಯವರು ಬಾನೆಟ್ ಎತ್ತಿದರು. ತೇವ ಹಿಡಿದಿರಬಹುದೆಂದು ಡಿಸ್ಟ್ರಿಬ್ಯೂಟರಿನ ಟೋಪಿ ತೆಗೆದು, ವೈರುಗಳನ್ನೆಲ್ಲ ಕಿತ್ತು, ಡಬ್ಬಿಯ ಬಿಗಿ ಸಡಿಲಿಸಿ, ನನ್ನ ಹಳೆಯ ಲಂಗದ ಬಟ್ಟೆಯಿಂದ ಫಳಫಳ ಹೊಳೆಯುವಂತೆ ಒರೆಸಿದರು. ಆಮೇಲೆ ವೈರುಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಶಾಲೆಯ ಹಾಜರಿ ಕರೆಯುವ ಹಾಗೆ ಸಾಲಾಗಿ ಸಿಕ್ಕಿಸಿದರು. ನೋಡುತ್ತ ನಿಂತಿದ್ದ ನಾನು, ಹಗರಿಬೊಮ್ಮನಹಳ್ಳಿಯ ರಸ್ತೆಯಲ್ಲಿ ಕೇಳಿದ ಪಾಠವನ್ನೆಲ್ಲ ಮರೆತು, "ಚೆಂದ ಕಾಣ್ತೈತಿ," ಎಂದೆ.

ಇವರು ಹ್ಯಾಂಡಲ್ ತಿರುವಿದರು. ಏನೂ ಇಲ್ಲ. ಮತ್ತೆ ತಿರುವಿದರು. ಜೀಪು ಒಮ್ಮೆ ಮೈ ಕೊಡವಿ, ಢಂ ಎಂದು ಸಿಡಿಯಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಇನ್ನೊಂದು ಸಲ. ಇನ್ನೊಂದು ಢಂ. ಈ ಸಲ ಹ್ಯಾಂಡಲ್ ಹಿಂದಕ್ಕೆ ಒದ್ದು, ಇವರು ಮಣಿಕಟ್ಟು ಹಿಡಿದುಕೊಂಡು ಕುಳಿತರು.

ಆಗ ಒಳಗಿನಿಂದ ಒಂದು ಕೂಗು ಬಂತು.

"ತಡಿ!"

ಸ್ಟೀಲಿನ ಲೋಟ ಉರುಳಿದ ಸದ್ದು. ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ಕಾಲು ನೆಲಕ್ಕೆ ಉಜ್ಜುತ್ತಾ ಬರುವ ಸದ್ದು. ಮಾವನವರು ಎಡಗೈಯಲ್ಲಿ ಗೋಡೆ ತಡಕುತ್ತಾ ಪಡಸಾಲೆಗೆ ಬಂದರು. ಟವೆಲು ಹೆಗಲಿನಲ್ಲೇ ಇತ್ತು, ಬಾಯಿಗೆ ಹೋಗಿರಲಿಲ್ಲ. ನಾನು ಓಡಿಹೋಗಿ ಹಿಡಿಯಬೇಕೆನ್ನುವಷ್ಟರಲ್ಲಿ ಅಡುಗೆಮನೆಯಿಂದ ಬಂದ ಅತ್ತೆ, ಜೋಳದ ಹಿಟ್ಟು ಮೆತ್ತಿದ ಕೈಯನ್ನು ನನ್ನ ಮುಂದೆ ಅಡ್ಡ ಚಾಚಿದರು.

"ಹಿಡೀಬ್ಯಾಡ," ಎಂದರು ಪಿಸುದನಿಯಲ್ಲಿ. "ಬರ್ಲಿ. ತಾವಾಗೇ ಬರ್ಲಿ."

ಮಾವನವರು ಹೊಸ್ತಿಲಿನಲ್ಲಿ ಒಂದು ಗಳಿಗೆ ಅನುಮಾನಿಸಿದರು. ಆಮೇಲೆ ಚೌಕಟ್ಟು ಹಿಡಿದು ಕಾಲು ದಾಟಿಸಿದರು. ಅಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಜೀಪಿನ ಹತ್ತಿರ ಬಂದು, ಬಾನೆಟ್ಟಿನೊಳಗೆ ಇಣುಕಿ ನೋಡಿದರು. ಸಾಲಾಗಿ ನಿಂತ ವೈರುಗಳನ್ನು ಕಂಡು ಎಡಗೈಯಿಂದ ಹಣೆ ಚಚ್ಚಿಕೊಂಡರು.

"ಸುಮ್ನ ಸ್ಟಾರ್ಟ್ ಮಾಡಿ ನೋಡಾಕತ್ತಿದ್ದೆ ಅಪ್ಪ," ಎಂದರು ಇವರು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ತಡಿ," ಎಂದು ಮಾವನವರು ಕೈಯೊಡ್ಡಿದರು. ಕೀಲಿ ಕೇಳುತ್ತಿದ್ದಾರೆಂದು ನನಗೆ ಹೊಳೆಯಿತು. ಜೀಪಿನಿಂದ ತೆಗೆದುಕೊಟ್ಟೆ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅಲ್ಲಿಂದ ನಮ್ಮ ಪಾಠ ಶುರುವಾಯಿತು. ಪಾಠಕ್ಕೆ ಇದ್ದ ಶಬ್ದ ಒಂದೇ. ಆದರೆ ಅದನ್ನು ಎಳೆದು, ಮೊಟಕಿ, ಏರಿಸಿ, ಇಳಿಸಿ ಅವರು ಆಡಿದ ರೀತಿಯಲ್ಲಿ ಒಂದು ಇಡೀ ಭಾಷೆಯೇ ಇತ್ತು.

ಅತ್ತೆ ಕುರ್ಚಿ ತಂದು ಜೀಪಿನ ಪಕ್ಕ ಹಾಕಿದರು. ಮಾವನವರು ಎಲ್ಲಕ್ಕಿಂತ ಮುಂದಿನ, ಒಂದನೇ ಪ್ಲಗ್ ತೋರಿಸಿದರು, ಇವರು ಬಿಚ್ಚಿದರು. ಆಮೇಲೆ ಮಾವನವರು ನನ್ನ ಹೆಬ್ಬೆರಳನ್ನು ತಟ್ಟಿ, ಪ್ಲಗ್ ಇದ್ದ ತೂತನ್ನು ತಟ್ಟಿದರು.

"ನಾನಾ?"

"ತಡಿ." ನೀನೇ ಎಂದು ಅರ್ಥ.

ತೂತಿನ ಮೇಲೆ ಹೆಬ್ಬೆರಳಿಟ್ಟೆ. ಇವರು ಹ್ಯಾಂಡಲ್ ಹಿಡಿದು ಮೆಲ್ಲಗೆ ತಿರುವತೊಡಗಿದರು. ಮೊದಲು ಬೆರಳನ್ನು ಒಳಗೆ ಎಳೆದಂತಾಯಿತು. ಹೌಹಾರಿದೆ. ಮಾವನವರು ತಮ್ಮ ಎಡಗೈಯನ್ನು ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿದರು. "ತಡೀ..." ಎಂದರು ಉದ್ದಕ್ಕೆ. ಹ್ಯಾಂಡಲ್ ಇನ್ನಷ್ಟು ತಿರುಗಿತು. ಆಗ ಆ ಕಬ್ಬಿಣದೊಳಗಿನಿಂದ ಒಂದು ಉಸಿರು ಎದ್ದು ಬಂದು, ನನ್ನ ಬೆರಳನ್ನು ಬಲವಾಗಿ ದಬ್ಬಿತು.

"ಮಾವ, ದಬ್ಬಾಕತ್ತೈತಿ! ಮ್ಯಾಲ ದಬ್ಬಾಕತ್ತೈತಿ!"

ಅವರ ಕಣ್ಣು ಹೊಳೆದ ಬಗೆಯನ್ನು ನಾನು ಮರೆತಿಲ್ಲ. ಒಂದನೆಯವನು ಬಾಯಿ ತೆರೆಯುವ ಹೊತ್ತು ಬಂತು ಎಂದು ಅರ್ಥ. ಎಂಜಿನ್ನಿನ ಮುಂದಿರುವ ಬೆಲ್ಟಿನ ಗಾಲಿಯ ಮೇಲೆ ಒಂದು ಸಣ್ಣ ಗೀಟು ಇರುತ್ತದೆ. ಅದು ಪಕ್ಕದ ಮುಳ್ಳಿನ ನೇರಕ್ಕೆ ಬಂದಾಗ ನಿಲ್ಲಿಸಬೇಕು. ಜಿಡ್ಡಿನಲ್ಲಿ ಗೀಟು ಕಾಣಿಸುತ್ತಿರಲಿಲ್ಲ. ಅತ್ತೆ ತಮ್ಮ ಎಲೆ ಅಡಿಕೆ ಚೀಲದಿಂದ ಸುಣ್ಣ ತಂದು, ಗಾಲಿಯನ್ನು ಸೆರಗಿನಿಂದ ಒರೆಸಿ, ಗೀಟಿನ ಉದ್ದಕ್ಕೂ ಸುಣ್ಣ ತೀಡಿದರು. ಬಿಳಿ ಗೀಟು ಮುಳ್ಳಿನ ಬಳಿ ಬಂದ ಕೂಡಲೇ, "ತಡಿ!" ಇದು ಮಾತ್ರ ನಿಜವಾದ ತಡಿ. ಇವರು ನಿಲ್ಲಿಸಿದರು.

ಟೋಪಿ ತೆಗೆದು ನೋಡಿದರೆ ಒಳಗೊಂದು ಪುಟ್ಟ ತುಂಡು, ಕೈ ಚಾಚಿ ಒಂದು ಕಡೆ ತೋರಿಸುತ್ತಾ ನಿಂತಿತ್ತು. ಅದು ತೋರಿಸುವ ಕಡೆಯೇ ಒಂದನೆಯ ವೈರಿನ ಜಾಗ. ಅಲ್ಲಿಂದ ಆ ತುಂಡು ತಿರುಗುವ ದಿಕ್ಕಿನಲ್ಲಿ ಮೂರು, ನಾಲ್ಕು, ಎರಡು. ಈಗ ನನಗೆ ಎಲ್ಲ ನೆನಪಾಯಿತು. ಮಾವನವರು ಬೆರಳು ತೋರಿಸುವ ಮೊದಲೇ ನಾನು ವೈರು ಹಿಡಿದು ಹೇಳತೊಡಗಿದೆ. ಅವರು ತಲೆಯಾಡಿಸಿದರು.

ಇಷ್ಟಾದ ಮೇಲೆ ಅವರು ಎಡಗೈಯ ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿ ತೋರಿಸಿದರು.

"ರೊಕ್ಕ ಏನಪ್ಪಾ?" ಎಂದರು ಇವರು. ಅಲ್ಲ. "ಉಪ್ಪಾ?" ಎಂದೆ ನಾನು. ಅಡುಗೆಯ ಗುಂಗು. ಮಾವನವರ ಮುಖ ಕೆಂಪಗಾಗತೊಡಗಿತು. ಮತ್ತೆ ಬೆರಳು ಉಜ್ಜಿದರು, ಇನ್ನೂ ಜೋರಾಗಿ. ಎದ್ದು ಒಳಗೆ ಹೋಗಿಬಿಡುತ್ತಾರೇನೋ ಎಂದು ನನಗೆ ದಿಗಿಲಾಯಿತು.

ಅತ್ತೆ ನಕ್ಕರು. "ತೆಳ್ಳನ ಹಾಳಿ ಕೇಳಾಕತ್ತಾರ. ಯಾವಾಗ್ಲೂ ಹಂಗ. ನನ್ನ ಕಿವಿ ವಾಲಿ ಸುತ್ತಿಟ್ಟ ಹಾಳಿ ಹರಕೊಂಡು ಬಂದು ಇದ್ರಾಗ ತುರುಕ್ತಾರ." ಒಳಗೆ ಹೋಗಿ, ಬಂಗಾರದ ಅಂಗಡಿಯ ಗುಲಾಬಿ ಕಾಗದದ ಚೂರು ತಂದುಕೊಟ್ಟರು. ಮಾವನವರು ಅವರನ್ನು ನೋಡಿದ ನೋಟದಲ್ಲಿ, ಇಷ್ಟು ತಿಂಗಳಲ್ಲಿ ಮೊದಲ ಸಲ ತನ್ನ ಮಾತು ಇನ್ನೊಬ್ಬರಿಗೆ ಮುಟ್ಟಿತಲ್ಲ ಎಂಬ ಸಮಾಧಾನವಿತ್ತು.

ಡಬ್ಬಿಯೊಳಗೆ ಕೂಡಿಕೊಂಡಿರುವ ಎರಡು ಪುಟ್ಟ ಮೊಳೆಗಳ ನಡುವೆ ಆ ಕಾಗದ ಸಿಕ್ಕಿಸಬೇಕು. ಕಾಗದವನ್ನು ಹಗುರವಾಗಿ ಎಳೆಯುತ್ತಾ, ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಮೊಳೆಗಳು ಬಿಟ್ಟುಕೊಂಡ ಗಳಿಗೆಯಲ್ಲಿ ಕಾಗದ ತಾನಾಗಿ ಜಾರಿ ಬರುತ್ತದೆ. ಕಿಡಿ ಹುಟ್ಟುವುದು ಅಲ್ಲೇ. ಕಾಗದ ಮಾವನವರ ಬೆರಳುಗಳಲ್ಲಿ, ಡಬ್ಬಿ ನನ್ನ ಕೈಯಲ್ಲಿ. "ತಡಿ... ತಡಿ... ತಡಿ..." ಇದು ಹಾಡು ಹೇಳಿ ಮಗುವನ್ನು ಮಲಗಿಸುವ ದನಿ. ಗುಲಾಬಿ ಕಾಗದ ಸರಕ್ಕನೆ ಜಾರಿತು. ನಾನು ಕೈ ಬಿಡಲಿಲ್ಲ. ಇವರು ಬೋಲ್ಟು ಬಿಗಿದರು.

ಪ್ಲಗ್ ಹಾಕಿದೆವು. ಮಾವನವರು ಜೇಬಿನಿಂದ ಕೀಲಿ ತೆಗೆದು ಕೊಟ್ಟರು. ಇವರು ಹ್ಯಾಂಡಲ್ ಹಿಡಿದು ಒಮ್ಮೆ ಅಪ್ಪನ ಮುಖ ನೋಡಿ, ಎಳೆದರು. ಜೀಪು ಒಂದು ಸಲ ಗುಟುರು ಹಾಕಿತು, ತಡವರಿಸಿತು, ಮತ್ತೆ ಹಿಡಿದುಕೊಂಡಿತು. ನಾಲ್ಕೂ ಮಂದಿ ಪಂಕ್ತಿಯಲ್ಲಿ ಕುಳಿತು ಉಣ್ಣತೊಡಗಿದರು. ಮಾವನವರು ಎಡಗೈಯನ್ನು ಮಡ್ಗಾರ್ಡಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತರು. ಕೈ ಜೀಪಿನ ಜೊತೆಗೇ ನಡುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಅತ್ತೆ ಒಂದು ಗಳಿಗೆ ನೋಡಿ, "ನನ್ನ ರೊಟ್ಟಿ ಹೊತ್ತಿ ಹೋದ್ವು," ಎಂದು ಒಳಗೆ ಓಡಿದರು. ಒಲೆಯ ಮೇಲೆ ರೊಟ್ಟಿ ಇರಲಿಲ್ಲ. ನಾನು ಹೋಗಿ ನೋಡಿದಾಗ ಅವರು ಹೆಂಚಿನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು.

ಮಧ್ಯಾಹ್ನ ಹರಪನಹಳ್ಳಿಯವನು ಬಂದ. ಅಷ್ಟೊತ್ತಿಗೆ ಮಾವನವರು ಹಟ ಮಾಡಿ ಡ್ರೈವರ್ ಸೀಟಿಗೆ ಹತ್ತಿ ಕುಳಿತಿದ್ದರು. ಆತ ಜೀಪಿನ ಸುತ್ತ ಒಂದು ಸುತ್ತು ಹೊಡೆದು, ಟೈರು ಒದ್ದು ನೋಡಿದ. ಆ ಒದೆತದಲ್ಲಿ ಮಾವನವರಿಗೆ ಎಲ್ಲವೂ ತಿಳಿಯಿತು. ಸ್ಟಿಯರಿಂಗ್ ಹಿಡಿದ ಎಡಗೈ ಬಿಗಿಯಾಯಿತು. ಬೈಯುವ ಹಾಗೆ ನೋಡಲಿಲ್ಲ. ಕೇಳುವ ಹಾಗೆ ಮಗನ ಮುಖ ನೋಡಿದರು.

ಇವರು ಬಂದಾತನ ಎದುರು ಕೈ ಮುಗಿದರು. "ತ್ರಾಸು ತಗೊಂಡು ಬಂದ್ರಿ. ತಪ್ಪು ತಿಳೀಬ್ಯಾಡ್ರಿ. ಈಗ ಕೊಡಂಗಿಲ್ಲ."

"ಹಂಗಾರ ಯಾವಾಗ್ರಿ?"

"ತಡಿ," ಎಂದರು ಮಾವನವರು ಮೇಲಿನಿಂದ.

"ಕೇಳಿದ್ರಲ್ರಿ," ಎಂದರು ಇವರು. ಬಂದಾತನೂ ನಕ್ಕ. ರೊಟ್ಟಿ ತಿಂದು, ಚಹಾ ಕುಡಿದು, ಜೀಪಿನ ಎಂಜಿನ್ ಸದ್ದು ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದ.

ಆಮೇಲೆ ಮಾವನವರು ಗೋಡೆಯ ಕಡೆ ಮುಖ ಮಾಡಿ ಮಲಗಲಿಲ್ಲ. ಮುಂಜಾನೆ ಎದ್ದು ಕಟ್ಟೆಗೆ ಬರುತ್ತಿದ್ದರು. ದಾರಿಯಲ್ಲಿ ಹೋಗುವವರನ್ನು "ತಡಿ" ಎಂದು ನಿಲ್ಲಿಸುತ್ತಿದ್ದರು. ಜನ ನಿಂತು ತಾವೇ ಮಾತಾಡಿ ಹೋಗುತ್ತಿದ್ದರು. ರಜೆಯ ದಿನ ಇವರು ಜೀಪು ಓಡಿಸಿಕೊಂಡು ಅವರನ್ನು ಹತ್ತಿರದ ಊರು ಮಾಗಳದ ಹೊಳೆಯ ದಂಡೆಗೆ ಕರೆದೊಯ್ಯುವುದು ರೂಢಿಯಾಯಿತು. ಇವರ ಡ್ರೈವಿಂಗಿಗೆ ಪಕ್ಕದ ಸೀಟಿನಿಂದ ಬರುತ್ತಿದ್ದ ತಡಿಗಳನ್ನು ಎಣಿಸಿದವರಿಲ್ಲ.

ಹಾಗೆ ಹೋಗಿದ್ದ ಒಂದು ಸಂಜೆ. ತುಂಗಭದ್ರೆ ತುಂಬಿರಲಿಲ್ಲ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಜೀಪಿನ ಮುಂದೆ ಚಾಪೆ ಹಾಸಿ ಕುಳಿತಿದ್ದೆವು. ಅತ್ತೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಮಾವನವರು ಅವರನ್ನೇ ನೋಡುತ್ತಾ ಬಾಯಿ ಅಲ್ಲಾಡಿಸಿದರು.

"ಹಾ... ಹಾಲ..."

ಹೊಸ ಮಾತು!

"ಹಾಲು ಬೇಕೇನ್ರಿ?" ಅತ್ತೆ ಫ್ಲಾಸ್ಕನ್ನು ಚಾಪೆಯ ಮೇಲಿಟ್ಟು ಮಗನ ಕಡೆ ತಿರುಗಿದರು. "ಲೇ ಕೊಟ್ರೇಶಿ, ಹಾಲು ಕೇಳಾಕತ್ತಾರಲೇ! ಓಡು, ಊರಾಗ ಯಾರ ಮನ್ಯಾಗಾರ ಕೇಳಿ ಇಸಕೊಂಡು ಬಾ!"

ಇವರು ಚಪ್ಪಲಿ ಮರೆತು ಓಡಿದರು. ಯಾರದೋ ಮನೆಯ ತಂಬಿಗೆಯಲ್ಲಿ, ಆಗಷ್ಟೇ ಕರೆದ ಹಾಲು ಹಿಡಿದು ಏದುಸಿರು ಬಿಡುತ್ತಾ ಬಂದರು. ಅತ್ತೆ ತಂಬಿಗೆಯನ್ನು ಮಾವನವರ ತುಟಿಗೆ ಹಿಡಿದರು. ಅವರು ಎಡಗೈಯಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಮತ್ತೆ ಪ್ರಯತ್ನಿಸಿದರು.

"ಹಾಲ... ವ್ವ."

ನನ್ನ ಅತ್ತೆಯ ಹೆಸರು ಹಾಲವ್ವ. ಆ ಹೆಸರು ಅವರ ಗಂಡನ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ, ಇವರೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮ ಕಡೆಯ ಹಿರಿಯರಲ್ಲಿ ಗಂಡ ಹೆಂಡತಿಯನ್ನು ಕರೆಯುವುದು ಏ ಎಂದೋ, ಕೇಳಿದೇನು ಎಂದೋ, ಇಲ್ಲವೇ ಮಗನ ಹೆಸರು ಹಿಡಿದು. ಅತ್ತೆಯ ಮುಖ ಕಿವಿಯ ತನಕ ಕೆಂಪಾಯಿತು.

"ಏನ್ರೀ ಇದು," ಎಂದರು ಸೆರಗು ಎಳೆದುಕೊಳ್ಳುತ್ತಾ. "ಹುಡುಗ್ರ ಮುಂದ ಹೆಸರು ಹಿಡದು ಕರೀತೀರಲ್ಲ!"

ಇವರು ನನ್ನ ಕಡೆ ನೋಡಿದರು. ನಾವಿಬ್ಬರೂ ಎದ್ದು, ಆಚೆ ದಡದಲ್ಲಿ ನೋಡುವಂಥದ್ದು ಏನೋ ಇದೆಯೆಂಬಂತೆ ನೀರಿನ ಕಡೆ ನಡೆದೆವು. ಹಿಂದಿನಿಂದ ಅತ್ತೆಯ ದನಿ, ಇಷ್ಟು ವರ್ಷ ನಾನು ಕೇಳದೇ ಇದ್ದ ಒಂದು ಸಣ್ಣ ದನಿ, ಬಂತು.

"ಇನ್ನೊಮ್ಮಿ ಕರೀರಿ."